ಹೊಂದದ ಚಾಳೀಸನ್ನು ಮರಳಿ ಒಯ್ಯಿರಿ

(ಜಮಖಂಡಿ ತಾಲೂಕಿನ ಹಳ್ಳಿಯೊಂದರ ರೈತ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಗಳ ಮಾತಿಗೆಂದು ನಿಮ್ಮೂರಿಗೆ ಬರುವವನು ನಾನು. ಈ ಹೊತ್ತು ಚಾಳೀಸಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ಒಕ್ಕಲುತನಕ್ಕೆ ಸಂಬಂಧವಿಲ್ಲದ ಮಾತೆಂದು ತಿಳಿಯಬೇಡಿರಿ.

ಹೋದ ವರ್ಷ ಒಬ್ಬ ಹಿರಿಯ ರೈತರು ಎಳೆ ಕಬ್ಬಿಗೆ ಕಳೆನಾಶಕ ಹೊಡೆದರು. ಪಂಪಿಗೆ ಎಷ್ಟು ಹಾಕಬೇಕೆಂಬುದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿತ್ತು. ಅವರು ಅಂದಾಜಿನಿಂದ ಸುರಿದರು. ವಾರದೊಳಗೆ ಗರಿಗಳು ಸುಟ್ಟಂತೆ ಹಳದಿಯಾದವು. ನಾನು ಹೋಗಿ, "ಕಾಕಾ, ಡಬ್ಬಿ ಓದಲಿಲ್ಲೇನ್ರಿ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಓದಾಕ ಚಾಳೀಸು ಬೇಕಲ್ಲೋ ತಮ್ಮಾ. ಐತಿ, ಗ್ವಾಡಿ ಮಾಡದಾಗ ಐತಿ. ಹಾಕ್ಕೊಂಡ್ರ ತಲಿ ನೋಯ್ತೈತಿ, ನೆಲ ಓರಿ ಕಾಣತೈತಿ. ರೊಕ್ಕ ಕೊಟ್ಟು ತಂದದ್ದು ತಿರುಗಿ ಒಯ್ಯಾಕ ನಾಚಿಕಿ ಆತು" ಎಂದರು.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಚಾಳೀಸಿನ ಪೆಟ್ಟಿಗೆಯಲ್ಲಿ ಡಾಕ್ಟರರ ಚೀಟಿ ಮಡಿಸಿಟ್ಟಿತ್ತು. ಯಂತ್ರದಲ್ಲಿಟ್ಟು ನೋಡಿದರೆ ಬಲಗಣ್ಣಿನ ಗಾಜು ಎಡಕ್ಕೆ, ಎಡಗಣ್ಣಿನದು ಬಲಕ್ಕೆ ಕೂತಿತ್ತು. ಅಂಗಡಿಯವರು ತಪ್ಪು ಒಪ್ಪಿ ಬೇರೆ ಗಾಜು ಹಾಕಿಕೊಟ್ಟರು. ಎರಡು ದಿನದಲ್ಲಿ ಮುಗಿಯುವ ಕೆಲಸಕ್ಕೆ ಆರು ತಿಂಗಳು ಹೋಗಿತ್ತು, ಜೊತೆಗೆ ಅರ್ಧ ಎಕರೆ ಕಬ್ಬು ಹೋಗಿತ್ತು. ತಪ್ಪು ನನ್ನದೂ ಇತ್ತು. ಔಷಧದ ಪ್ರಮಾಣವನ್ನು ಊರೂರಿಗೆ ಹೇಳಿದೆನೇ ಹೊರತು, ಡಬ್ಬಿಯ ಅಕ್ಷರ ಎಷ್ಟು ಜನರಿಗೆ ಕಾಣುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಚಾಳೀಸು ಎಂದರೆ ನಲವತ್ತು. ಆ ವಯಸ್ಸಿನ ಸುಮಾರಿಗೆ ಕಣ್ಣೊಳಗಿನ ಮಸೂರ ಬಿರುಸಾಗಿ ಹತ್ತಿರದ ವಸ್ತು ಮಸಕಾಗುತ್ತದೆ. ಇದು ಎಲ್ಲರಿಗೂ ಬರುವಂಥದು. ಅಸ್ಸಾಮಿನಲ್ಲಿ 40 ದಾಟಿದ 751 ಚಹಾ ತೋಟದ ಕೆಲಸಗಾರರ ಮೇಲೆ ನಡೆಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹತ್ತಿರ ನೋಡುವ ಚಾಳೀಸು ಪಡೆದವರ ಎಲೆ ಕೀಳುವ ಕೆಲಸ, ಪಡೆಯದವರಿಗಿಂತ ಸುಮಾರು 22 ಪ್ರತಿಶತ ಹೆಚ್ಚಾಯಿತು. ಕಣ್ಣು ನೆಟ್ಟಗಿದ್ದರೆ ಕೈಗೆ ಬಲ ಬರುತ್ತದೆ.

ಕಣ್ಣಿನ ಕೆಲಸಕ್ಕೆ ನಮ್ಮ ಸೀಮೆ ಹೊಸದಲ್ಲ. ಹಳ್ಳಿಹಳ್ಳಿಗೆ ಹೋಗಿ ಉಚಿತ ಶಿಬಿರ ನಡೆಸಿ ಪೊರೆ ತೆಗೆದ ಡಾ. ಎಂ. ಸಿ. ಮೋದಿಯವರು 1916ರಲ್ಲಿ ಹುಟ್ಟಿದ್ದು ನಮ್ಮ ಬೀಳಗಿಯಲ್ಲಿ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದು, 2005ರಲ್ಲಿ ತೀರಿಕೊಂಡರು. ಹಿಂದಿನ ಶಿಬಿರಗಳ ಕಾಲದಲ್ಲಿ ಪೊರೆ ತೆಗೆದವರಿಗೆ ದಪ್ಪ ಗಾಜಿನ ಚಾಳೀಸೇ ಆಧಾರ. ಅದು ಮೂಗಿನಿಂದ ತುಸು ಜಾರಿದರೂ ನೋಟ ಕೆಡುತ್ತಿತ್ತು. ಈಗ ಪೊರೆ ತೆಗೆದು ಕಣ್ಣೊಳಗೇ ಮಸೂರ ಇಡುತ್ತಾರೆ. ಆದರೂ ಚಾಳೀಸು ಸರಿಯಾಗಿ ಕೂಡಬೇಕೆಂಬ ಮಾತು ಬದಲಾಗಿಲ್ಲ.

ನೊಗ ಒತ್ತಿ ಎತ್ತಿನ ಹೆಗಲು ಹುಣ್ಣಾದರೆ ನೀವು ಎತ್ತನ್ನು ಬಯ್ಯುವುದಿಲ್ಲ, ನೊಗವನ್ನು ಸರಿಮಾಡುತ್ತೀರಿ. ಚಾಳೀಸಿಗೂ ಹಾಗೆಯೇ ಮಾಡಬೇಕು. ಅಂಗಡಿಯಿಂದ ಹೊರಡುವ ಮುನ್ನ ಇಷ್ಟನ್ನು ನೋಡಿರಿ:

ಎರಡೂ ಗಾಜು ಒಂದೇ ಎತ್ತರದಲ್ಲಿರಬೇಕು. ಗಾಜಿನ ನಡುಬಿಂದು ಕಣ್ಣಿನ ಪಾಪೆಯ ಎದುರಿಗೆ ಬರಬೇಕು. ಅದಕ್ಕಾಗಿ ಎರಡು ಪಾಪೆಗಳ ನಡುವಿನ ಅಂತರವನ್ನು ಅಳೆಯಿಸಿರಿ. ಅದು ತಪ್ಪಿದರೆ ಕಣ್ಣು ಎಳೆದಂತಾಗಿ ತಲೆ ನೋಯುತ್ತದೆ. ರೆಪ್ಪೆಗೂದಲು ಗಾಜಿಗೆ ತಾಗಬಾರದು. ಮೂಗಿನ ಮೇಲೆ ಕೆಂಪು ಗುಳಿ ಬೀಳಬಾರದು. ಕಡ್ಡಿ ಕಿವಿಯ ಹಿಂದೆ ಬಾಗಿ ಕೂಡಬೇಕು. ಕಳೆ ತೆಗೆಯುವಾಗ ಬಗ್ಗುವಂತೆ ಅಂಗಡಿಯಲ್ಲೇ ಬಗ್ಗಿ ನೋಡಿರಿ. ಜಾರಿದರೆ ಅಲ್ಲೇ ಬಿಗಿ ಮಾಡಿಸಿರಿ. ದೂರಕ್ಕೂ ಹತ್ತಿರಕ್ಕೂ ಸೇರಿದ ಚಾಳೀಸು ಹಾಕುವವರು ಬಾವಿಯ ಮೆಟ್ಟಿಲು ಇಳಿಯುವಾಗ ತಲೆ ತಗ್ಗಿಸಿ, ಗಾಜಿನ ಮೇಲ್ಭಾಗದಿಂದ ನೋಡಬೇಕು.

ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಒಂದು ಮಾತು. ಪುಸ್ತಕ ಹಿಡಿಯುವ ದೂರ ಬೇರೆ, ಮಗ್ಗದ ಎಳೆ ನೋಡುವ ದೂರ ಬೇರೆ. ಎಳೆ ಎಷ್ಟು ಗೇಣು ದೂರದಲ್ಲಿರುತ್ತದೆ ಎಂಬುದನ್ನು ಪರೀಕ್ಷೆ ಮಾಡುವವರಿಗೆ ಹೇಳಿರಿ.

ಹೊಸ ನಂಬರಿಗೆ ಕಣ್ಣು ಒಗ್ಗಲು ಕೆಲವು ದಿನ ಬೇಕು. ವಾರ ಕಳೆದರೂ ತಲೆನೋವು, ನೆಲ ಓರೆಯಾಗಿ ಕಾಣುವುದು ನಿಲ್ಲದಿದ್ದರೆ ಮರಳಿ ಒಯ್ಯಿರಿ. ದೋಷ ಮೂರು ಕಡೆ ಇರಬಹುದು. ಚೌಕಟ್ಟಿನದಾದರೆ ಐದು ನಿಮಿಷದ ಕೆಲಸ. ಗಾಜು ಚೀಟಿಯ ನಂಬರಿನಂತೆ ಇಲ್ಲದಿದ್ದರೆ ಅಂಗಡಿಯವರೇ ಬದಲಿಸಿಕೊಡಬೇಕು. ಗಾಜು ಚೀಟಿಯಂತೆಯೇ ಇದ್ದರೆ ಕಣ್ಣು ಪರೀಕ್ಷೆ ಮಾಡಿದವರ ಬಳಿಗೆ ಮತ್ತೆ ಹೋಗಬೇಕು. ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ನೋಟ ಒಮ್ಮೆಲೇ ಕಡಿಮೆಯಾದರೆ ಅಂಗಡಿಗೆ ಹೋಗದೆ ನೇರ ಆಸ್ಪತ್ರೆಗೆ ನಡೆಯಿರಿ.

ಡಾಕ್ಟರರ ಚೀಟಿಯನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿರಿ. ಬಿಲ್ಲನ್ನು ಕೇಳಿ ಪಡೆಯಿರಿ. ಪಹಣಿಯಂತೆ ಜೋಪಾನ ಮಾಡಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ. ಬಣ್ಣ ಮನಸ್ಸಿಗೆ ಬರಲಿಲ್ಲವೆಂದರೆ ಅದು ದೋಷವಲ್ಲ, ನೆನಪಿರಲಿ. ಮೊದಲು ಸಮಾಧಾನದಿಂದ ಕೇಳಿರಿ. ಕೇಳದಿದ್ದರೆ 1915 ನಂಬರಿನ ಗ್ರಾಹಕ ಸಹಾಯವಾಣಿ ಉಂಟು. ಅದರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ ಉಂಟು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ಬೀಜ ಮೊಳೆಯದಿದ್ದರೆ ಚೀಲ ಹಿಡಿದು ಅಂಗಡಿಗೆ ಹೋಗುವವರು ನಾವು. ಚಾಳೀಸು ಹಿಡಿದು ಹೋಗಲು ನಾಚಿಕೆ ಏಕೆ?

ಮುಂದಿನ ಸಭೆಗೆ ಬರುವಾಗ ಮನೆಯ ಮಾಡದಲ್ಲಿ ಸುಮ್ಮನೆ ಕೂತ ಚಾಳೀಸನ್ನೂ ಅದರ ಚೀಟಿಯನ್ನೂ ತನ್ನಿರಿ. ಒಂದು ಔಷಧದ ಡಬ್ಬಿಯನ್ನು ನಾನು ತರುವೆನು. ಯಾರಿಗೆ ಅಕ್ಷರ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ ಎಂಬುದನ್ನು ಕೂಡಿ ನೋಡೋಣ. ಕಾಣದವರನ್ನು ಕರೆದುಕೊಂಡು ಸರಕಾರಿ ಆಸ್ಪತ್ರೆಗೂ ಅಂಗಡಿಗೂ ಬರಲು ನಾನು ಸಿದ್ಧನಿದ್ದೇನೆ.