ನನ್ನ ಫೋನು ಓದುವ ಕನ್ನಡ



ಕಣ್ಣು ಕಾಣದ ನನಗೆ ಈ ಶಾಲೆಯಲ್ಲಿ ಪಾಠ ಓದಿ ಹೇಳುತ್ತಿದ್ದವರು ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯರು. ಈಗ ಆ ಕೆಲಸ ಫೋನಿನಲ್ಲಿರುವ ಟಾಕ್‌ಬ್ಯಾಕ್‌ನದು. ಬೆರಳಿಟ್ಟಲ್ಲಿ ಏನಿದೆಯೆಂದು ಕನ್ನಡದಲ್ಲೇ ಹೇಳುತ್ತದೆ. ಕೈಗೆ ಬಂದ ನೋಟು ನೂರರದೋ ಐನೂರರದೋ ಎಂದು ತಿಳಿಯಲು ರಿಸರ್ವ್ ಬ್ಯಾಂಕಿನ ‘ಮಣಿ’ ಆ್ಯಪ್ 2020ರಿಂದ ಇದೆ. ಅದಕ್ಕೆ ಇಂಟರ್‌ನೆಟ್ಟೂ ಬೇಡ. ಮಗಳು ಕಳಿಸಿದ ಮೆಸೇಜನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಿಲ್ಲ. ನೆಮ್ಮದಿ ಅಂದರೆ ನನಗೆ ಇದೇ.

ಆದರೆ ಈ ಸಮಾರಂಭದ ಆಮಂತ್ರಣ ವಾಟ್ಸಾಪ್‌ನಲ್ಲಿ ಬಂದಾಗ ಫೋನು ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಯಿತು. ದಿನಾಂಕ ತಿಳಿಯಲು ಮತ್ತೆ ಪಕ್ಕದ ಮನೆಯವರನ್ನು ಕರೆದೆ. ದೂರು ಹೇಳುತ್ತಿಲ್ಲ, ಸ್ವಲ್ಪ ಬೇಸರವಾದದ್ದಂತೂ ನಿಜ.

ಸ್ಮರಣ ಸಂಚಿಕೆ ತರುತ್ತಿರುವವರಲ್ಲಿ ಒಂದು ಕೇಳಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಪುಟವನ್ನು ಫೋನು ಓದಹೊರಟರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೇಳಿಸುತ್ತವೆ. ಯುನಿಕೋಡಿನಲ್ಲಿದ್ದರೆ ಸರಿಯಾಗಿ ಓದುತ್ತದೆ. ಅಂಥದೊಂದು ಪ್ರತಿಯನ್ನು ನಮ್ಮ ವಾಟ್ಸಾಪ್ ಗುಂಪಿಗೂ ಹಾಕಿ. ಚಿತ್ರ ಕಳಿಸುವಾಗ ಕೆಳಗೆ ಎರಡು ಸಾಲು ಟೈಪ್ ಮಾಡಿ. ನಮ್ಮ ಮೇಷ್ಟ್ರು ಬರೆದದ್ದನ್ನು ಈ ಸಲ ಯಾರನ್ನೂ ಕರೆಯದೆ ಓದಬೇಕೆಂದಿದ್ದೇನೆ.