ದಫನದ ನಂತರದ ಹೊಣೆ



ಒಂದು ಮನೆಯಲ್ಲಿ ಮರಣ ಸಂಭವಿಸಿದರೆ ನಮ್ಮ ಜಮಾಅತ್ ಧಾವಿಸಿ ಬರುತ್ತದೆ. ಮಯ್ಯಿತ್ ಸ್ನಾನ, ಕಫನ್, ಜನಾಝ ನಮಾಝ್, ದಫನ ಎಲ್ಲವೂ ಕೆಲವೇ ಗಂಟೆಗಳಲ್ಲಿ ನೆರವೇರುತ್ತವೆ. ಇದು ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಆ ಬಳಿಕ? ಮೂರನೆಯ ದಿನ, ನಲ್ವತ್ತನೆಯ ದಿನವೆಂದು ಶೋಕದ ಮನೆಯಲ್ಲೇ ಒಲೆ ಹೊತ್ತಿಸಿ, ಊರೆಲ್ಲಾ ಉಂಡು ಹೋಗುತ್ತದೆ. ಹಿಜರಿ 8ರಲ್ಲಿ ಮುಅತಾ ಯುದ್ಧದಲ್ಲಿ ಜಅಫರ್ ಬಿನ್ ಅಬೂತಾಲಿಬ್(ರ) ಹುತಾತ್ಮರಾದ ಸುದ್ದಿ ಬಂದಾಗ, ಅವರ ಮನೆಯವರಿಗೆ ಆಹಾರ ಸಿದ್ಧಪಡಿಸಿ ಕೊಡಿರೆಂದು ಪ್ರವಾದಿ(ಸ)ರು ಇತರರಿಗೆ ಆದೇಶಿಸಿದರು. ನಾವು ಅದನ್ನು ತಲೆಕೆಳಗು ಮಾಡಿಬಿಟ್ಟಿದ್ದೇವೆ. ಸಾಲ ಮಾಡಿ ಬಿರಿಯಾನಿ ಬಡಿಸಿದ ವಿಧವೆಯ ಮನೆಯ ಬಾಡಿಗೆಯನ್ನು ಮುಂದಿನ ತಿಂಗಳು ಕಟ್ಟುವವರಾರು?

ಆಕೆಗೆ ಅಂದು ಬೇಕಾಗಿರುವುದು ಕಾಗದಪತ್ರಗಳ ತಿಳಿವಳಿಕೆಯುಳ್ಳ ಒಬ್ಬ ಮನುಷ್ಯ. 1969ರ ಕಾನೂನಿನ ಪ್ರಕಾರ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯೇ ವರದಿ ಮಾಡುತ್ತದೆ. ಮನೆಯಲ್ಲಾದರೆ ಹೊಣೆ ಮನೆಯವರದು. ವರ್ಷ ಮೀರಿದರೆ ದಂಡಾಧಿಕಾರಿಯ ಆದೇಶಕ್ಕಾಗಿ ಅಲೆದಾಡಬೇಕು. ಮರಣ ಪ್ರಮಾಣ ಪತ್ರವಿಲ್ಲದೆ ಬ್ಯಾಂಕೂ ಇಲ್ಲ, ವಿಧವಾ ವೇತನವೂ ಇಲ್ಲ. ಮೃತರು ಕಾರ್ಖಾನೆಯಲ್ಲೋ ಕಂಪೆನಿಯಲ್ಲೋ ದುಡಿಯುತ್ತಿದ್ದು ಭವಿಷ್ಯ ನಿಧಿಯ ಸದಸ್ಯರಾಗಿದ್ದರೆ, 1995ರ ಪಿಂಚಣಿ ಯೋಜನೆಯಡಿ ಪತ್ನಿಗೂ, 25 ವರ್ಷ ತುಂಬುವವರೆಗೆ ಇಬ್ಬರು ಮಕ್ಕಳಿಗೂ ಪಿಂಚಣಿ ಸಲ್ಲುತ್ತದೆ. ಇದು ದಾನವಲ್ಲ, ಮೃತರ ಬೆವರಿನ ಫಲ. ಎಷ್ಟು ಮನೆಗಳಿಗೆ ಇದು ಗೊತ್ತಿದೆ?

“ಅವಳು ಇದ್ದತ್‌ನಲ್ಲಿದ್ದಾಳೆ, ಹೊರಗೆ ಬರುವಂತಿಲ್ಲ” ಎಂದು ಹೇಳಿ ಬ್ಯಾಂಕಿನ ಕೆಲಸವನ್ನೆಲ್ಲಾ ಮೈದುನ ವಹಿಸಿಕೊಳ್ಳುವುದುಂಟು. ಮೃತರ ಎಟಿಎಂ ಕಾರ್ಡು ಕೂಡಾ ಅವನ ಕಿಸೆ ಸೇರುತ್ತದೆ! ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಕುರ್‌ಆನಿನ ಆದೇಶ, ಅದರಲ್ಲಿ ತಕರಾರಿಲ್ಲ. ಆದರೆ ಅನಿವಾರ್ಯ ಕೆಲಸಗಳಿಗಾಗಿ ವಿಧವೆಯು ಹಗಲಿನಲ್ಲಿ ಹೊರಹೋಗಬಹುದೆಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ಇದ್ದತ್ತನ್ನು ಬಂದೀಖಾನೆಯನ್ನಾಗಿಸಿದವರು ನಾವು.

ಸೊತ್ತಿನ ಪಾಲಿಗೆ ಮುನ್ನ ಮೃತರ ಸಾಲ ತೀರಬೇಕು. ಪಾವತಿಸದೆ ಉಳಿಸಿಕೊಂಡ ಮಹ್ರ್ ಕೂಡಾ ಸಾಲವೇ. ಅಂಗಡಿಯವನ ಬಾಕಿಯನ್ನು ನೆನಪಿಡುವ ನಮಗೆ ಇದೊಂದು ಮರೆತುಹೋಗುತ್ತದೆ. ಉಳಿದುದರಲ್ಲಿ, ಮಕ್ಕಳಿದ್ದರೆ ಪತ್ನಿಗೆ ಎಂಟನೆಯ ಒಂದು ಪಾಲು, ಇಲ್ಲದಿದ್ದರೆ ನಾಲ್ಕನೆಯ ಒಂದು. ಬ್ಯಾಂಕ್ ಖಾತೆಗೆ ನಾಮಿನಿಯಾದವನು ಹಣ ಪಡೆದುಕೊಂಡ ಮಾತ್ರಕ್ಕೆ ಇತರ ವಾರೀಸುದಾರರ ಹಕ್ಕು ಅಳಿಯುವುದಿಲ್ಲ.

ಜಮಾಅತ್ ಕಮಿಟಿಯವರಲ್ಲಿ ನನ್ನದೊಂದು ವಿನಂತಿ. ಕಫನ್ ಬಟ್ಟೆ ಸದಾ ಸಿದ್ಧವಿರುವ ನಮ್ಮ ಮಸೀದಿಗಳಲ್ಲಿ ಕಚೇರಿ ವ್ಯವಹಾರ ಬಲ್ಲ ಒಬ್ಬ ಯುವಕ ಹಾಗೂ ಓದಿದ ಒಬ್ಬ ಸಹೋದರಿಯ ಹೆಸರೂ ಸಿದ್ಧವಿರಲಿ. ಆ ಸಹೋದರಿ ಇದ್ದತ್ ಮುಗಿಯುವ ತನಕ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರಲಿ. ಅರ್ಜಿ ತುಂಬಿಸಲಿಕ್ಕಷ್ಟೇ ಅಲ್ಲ, ಸುಮ್ಮನೆ ಜತೆಯಲ್ಲಿ ಕುಳಿತುಕೊಳ್ಳಲಿಕ್ಕೂ. ಇಂದು ಸಭೆ ಚದುರುವ ಮುನ್ನವೇ ಆ ಎರಡು ಹೆಸರುಗಳನ್ನು ಬರೆದುಕೊಳ್ಳಿರಿ.