ಪಿತ್ತನಾಳದ ಚೀಲ ಮತ್ತು ಒಂದು ಹಳೆಯ ಹೊಲಿಗೆ



ಊಟವಾದ ಮೇಲೆ ಬಲಪಕ್ಕೆಯಲ್ಲಿ ನೋವು ಬಂದರೆ ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು, ಮರುದಿನ ಐರೋಲಿ ಸ್ಟೇಷನ್ನಿನತ್ತ ಓಡುವವರು ನಾವು. ನೋವು ಮರುಕಳಿಸಿದಾಗ ಸೋನೋಗ್ರಫಿ ಆಗುತ್ತದೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ವರದಿಯಲ್ಲಿ ‘ಪಿತ್ತನಾಳ ಹಿಗ್ಗಿದೆ’ ಎಂಬ ಇನ್ನೊಂದು ಸಾಲಿದ್ದರೆ ಅದನ್ನೂ ವೈದ್ಯರಲ್ಲಿ ಕೇಳಿ ತಿಳಿಯಬೇಕು.

ಯಕೃತ್ತಿನಲ್ಲಿ ತಯಾರಾದ ಪಿತ್ತರಸವನ್ನು ಕರುಳಿಗೆ ಒಯ್ಯುವ ಕೊಳವೆಯೇ ಪಿತ್ತನಾಳ. ಕಲ್ಲು ಸಿಕ್ಕಿಕೊಂಡಾಗಲೂ ಅದು ಹಿಗ್ಗುತ್ತದೆ. ಆದರೆ ಕೆಲವರಲ್ಲಿ ಹುಟ್ಟಿನಿಂದಲೇ ಈ ನಾಳ ಚೀಲದಂತೆ ಉಬ್ಬಿರುತ್ತದೆ. ಇದೇ ಕೋಲೆಡೋಕಲ್ ಸಿಸ್ಟ್. ಏಷ್ಯಾದವರಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಮೂರು ನಾಲ್ಕು ಪಟ್ಟು ಹೆಚ್ಚು. ಬಹುಪಾಲು ಬಾಲ್ಯದಲ್ಲೇ ಪತ್ತೆಯಾಗುತ್ತದೆ. ಉಳಿದವರು ಮೂವತ್ತು, ನಲವತ್ತರವರೆಗೂ ಗ್ಯಾಸಿನ ಮಾತ್ರೆ ನುಂಗುತ್ತಿರುತ್ತಾರೆ.

ಇದಕ್ಕೂ ಕ್ಯಾನ್ಸರಿಗೂ ಏನು ಸಂಬಂಧ? ಪಿತ್ತನಾಳವೂ ಮೇದೋಜೀರಕ ಗ್ರಂಥಿಯ ನಾಳವೂ ಸಾಮಾನ್ಯವಾಗಿ ಕರುಳಿನ ಗೋಡೆಯೊಳಗೆ ಸೇರುತ್ತವೆ. ಅಲ್ಲಿ ಕಾವಲಿಗೆ ಒಂದು ಸ್ನಾಯುವಿದೆ. ಈ ಚೀಲವಿರುವ ಅನೇಕರಲ್ಲಿ ಅವೆರಡೂ ಗೋಡೆಯ ಹೊರಗೇ ಕೂಡುತ್ತವೆ. ಆಗ ಮೇದೋಜೀರಕ ರಸ ಮೇಲಕ್ಕೆ, ಪಿತ್ತನಾಳಕ್ಕೆ ನುಗ್ಗುತ್ತದೆ. 1969ರಲ್ಲಿ ಬ್ಯಾಬಿಟ್ ಎಂಬ ವೈದ್ಯರು ಮುಂದಿಟ್ಟ ವಿವರಣೆಯಿದು. ವರ್ಷಗಟ್ಟಲೆ ಕೆರಳಿದ ಒಳಪದರದ ಜೀವಕೋಶಗಳು ಕ್ರಮೇಣ ಬದಲಾಗುತ್ತವೆ. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಕ್ಯಾನ್ಸರ್ ನೂರಕ್ಕೆ ಒಂದಕ್ಕಿಂತ ಕಡಿಮೆ. ವಯಸ್ಕರಲ್ಲಿ ಅನೇಕ ವರದಿಗಳ ಪ್ರಕಾರ ನೂರಕ್ಕೆ ಹತ್ತರಿಂದ ಮೂವತ್ತು. 1977ರಲ್ಲಿ ತೊಡಾನಿ ಮಾಡಿದ ಐದು ಬಗೆಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಎಲ್ಲ ಬಗೆಗೂ ಅಪಾಯ ಸಮನಲ್ಲ.

ಹಿಂದೆ ಚೀಲವನ್ನು ಅಲ್ಲೇ ಬಿಟ್ಟು ಕರುಳಿಗೆ ಜೋಡಿಸಿ ಹೊಲಿಯುತ್ತಿದ್ದರು. ಕಾಮಾಲೆ ಇಳಿಯುತ್ತಿತ್ತು, ಮನೆಯವರು ನಿಟ್ಟುಸಿರು ಬಿಡುತ್ತಿದ್ದರು. ಆದರೆ ರೋಗದ ಬೇರು ಒಳಗೇ ಉಳಿಯುತ್ತಿತ್ತು. ಅಂಥವರಲ್ಲಿ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಕಂಡದ್ದುಂಟು. ಈಗ ಸಾಮಾನ್ಯ ಬಗೆಯಲ್ಲಿ ಚೀಲವನ್ನು ಪಿತ್ತಕೋಶದ ಸಮೇತ ತೆಗೆದು, ಯಕೃತ್ತಿನ ಬಳಿಯ ನಾಳಕ್ಕೆ ಸಣ್ಣ ಕರುಳಿನ ತುಂಡನ್ನು ಜೋಡಿಸುತ್ತಾರೆ. ಬರೀ ಪಿತ್ತಕೋಶ ತೆಗೆಸಿಕೊಂಡರೆ ಸಾಲದು.

ಆದ್ದರಿಂದ, ಚಿಕ್ಕಂದಿನಲ್ಲಿ ‘ಕಾಮಾಲೆಗೆ ಆಪರೇಶನ್’ ಆಗಿ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರುವವರು ಊರಿಗೆ ಹೋದಾಗ ಅಮ್ಮನ ಟ್ರಂಕಿನಲ್ಲಿ ಆ ಹಳೆಯ ಕಾಗದ ಹುಡುಕಿರಿ. ಚೀಲ ತೆಗೆದಿದ್ದಾರೋ, ಜೋಡಿಸಿದ್ದಾರೋ ಎಂಬುದು ಅದರಲ್ಲಿರುತ್ತದೆ. ಕಾಗದ ಸಿಗದಿದ್ದರೆ ಎಂ.ಆರ್.ಸಿ.ಪಿ. ಎಂಬ ಸ್ಕ್ಯಾನಿನಿಂದ ತಿಳಿಯಬಹುದು; ಅದಕ್ಕೆ ಸೂಜಿ, ಕೊಯ್ತ ಬೇಕಿಲ್ಲ.

ಇನ್ನು ಊರಿನ ಸೊಪ್ಪಿನ ಔಷಧದ ವಿಷಯ. ವೈರಸ್ಸಿನ ಕಾಮಾಲೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ, ಕೀರ್ತಿ ಸೊಪ್ಪಿಗೆ ಹೋಗುತ್ತದೆ! ಆದರೆ ಕಣ್ಣು ಹಳದಿಯಾಗಿ, ಮಲ ಸುಣ್ಣದಂತೆ ಬಿಳಿಚಿ, ಮೈಯೆಲ್ಲ ತುರಿಸತೊಡಗಿದರೆ ನಾಳ ಕಟ್ಟಿರುವ ಶಂಕೆ. ಜ್ವರ, ಚಳಿಯೂ ಸೇರಿದರೆ ಆ ದಿನವೇ ಆಸ್ಪತ್ರೆ ಸೇರಬೇಕು. ಊರಿನ ಬಸ್ಸಿಗೆ ಟಿಕೆಟ್ ತೆಗೆಸಬೇಡಿ. ಸೇತುವೆ ದಾಟಿ ಮುಲುಂಡ್‌ನಲ್ಲಿ ಲೋಕಲ್ ಹತ್ತಿದರೆ ಪರೇಲ್, ಕೆ.ಇ.ಎಂ., ಟಾಟಾ ಎರಡೂ ಅಲ್ಲೇ ಇವೆ.

ಚೀಲ ತೆಗೆಸಿಕೊಂಡವರಲ್ಲೂ ಉಳಿದ ನಾಳದಲ್ಲಿ ಸ್ವಲ್ಪ ಅಪಾಯ ಇದ್ದೇ ಇರುತ್ತದೆ. ನೋವಿಲ್ಲವೆಂದು ತಪಾಸಣೆ ನಿಲ್ಲಿಸುವಂತಿಲ್ಲ. ಎಷ್ಟು ತಿಂಗಳಿಗೊಮ್ಮೆ ಎಂಬುದನ್ನು ನಿಮ್ಮ ಸರ್ಜನ್ ಹೇಳುತ್ತಾರೆ.